ಮಾತ್ರೆ ಮಾವನ ಮೂವತ್ತು ಸಸಿಗಳು

"ಈ ವರ್ಷ ನಮ್ಮ ಮನೆಗೆ ಒಂದೇ ಒಂದು ಸಸೀನೂ ದುಡ್ಡು ಕೊಟ್ಟು ತರೋ ಹಾಗಿಲ್ಲ" ಎಂದು ಮಾತ್ರೆ ಮಾವ ಘೋಷಿಸಿದಾಗ ಮನೆಯವರೆಲ್ಲ ತಿಂಡಿ ತಿನ್ನುತ್ತಿದ್ದರು. ಯಾರೂ ತಟ್ಟೆಯಿಂದ ತಲೆ ಎತ್ತಲಿಲ್ಲ. ಆ ಮನೆಯಲ್ಲಿ ಘೋಷಣೆಗಳಿಗೆ ಎಂದೂ ಬರ ಬಂದದ್ದಿಲ್ಲ.

ಔಷಧಿ ಅಂಗಡಿ ತೆರೆದು ಇಪ್ಪತ್ತೆರಡು ವರ್ಷವಾದ ಮೇಲೆ ಅವರ ನಿಜವಾದ ಹೆಸರು ಅಂಗಡಿಯ ಲೈಸೆನ್ಸಿನಲ್ಲಿ ಮಾತ್ರ ಉಳಿದಿತ್ತು. ಬೀದಿಯ ಚಿಳ್ಳೆಪಿಳ್ಳೆಗಳಿಂದ ಹಿಡಿದು ಪಿಂಚಣಿದಾರರವರೆಗೆ ಎಲ್ಲರಿಗೂ ಅವರು ಮಾತ್ರೆ ಮಾವ. ಜಗತ್ತಿನಲ್ಲಿ ಸರಿಯಾದ ಡೋಸು ಕೊಟ್ಟರೆ ಸರಿಹೋಗದ ಸಂಗತಿಯೇ ಇಲ್ಲ ಎಂಬುದು ಅವರ ನಂಬಿಕೆ.

ಈ ಘೋಷಣೆಯ ಹಿಂದೆ ಒಂದು ಹಳೆಯ ಗಾಯವಿತ್ತು. ಹಿಂದಿನ ವರ್ಷ ಬೀದಿ ಕೊನೆಯ ನರ್ಸರಿಯ ಹೆಂಗಸಿನಿಂದ ಹತ್ತು ಟೊಮೇಟೊ ಸಸಿ ತಂದಿದ್ದರು. ಎರಡು ವಾರದಲ್ಲಿ ಹತ್ತೂ ನೆಲ ಕಚ್ಚಿದವು. ಮಾವ ಸುಮ್ಮನಿರಬಹುದಿತ್ತು. ಇರಲಿಲ್ಲ. ಒಣಗಿದ ಕಡ್ಡಿಗಳನ್ನು ಕವರಿಗೆ ತುಂಬಿ, ರಸೀತಿ ಸಮೇತ ಹೋಗಿ, "ಬದಲಾಯಿಸಿ ಕೊಡಿ" ಎಂದರು. ಆಕೆ ಕವರಿನೊಳಗೆ ಇಣುಕಿ ನೋಡಿದಳು.

"ಇವು ಸತ್ತಿದ್ದಲ್ಲ ಸ್ವಾಮಿ, ನೀವು ಕೊಂದಿದ್ದು. ಗಿಡಕ್ಕೆ ಕೈಗುಣ ಬೇಕು."

ಅಲ್ಲಿ ನಾಲ್ಕು ಜನ ನಿಂತಿದ್ದರು. ಅದರಲ್ಲೊಬ್ಬರು ಅಂದೇ ಬೆಳಿಗ್ಗೆ ಮಾವನ ಕೈಯಿಂದಲೇ ಬಿಪಿ ಮಾತ್ರೆ ಕೊಂಡವರು. ಆ ಮನುಷ್ಯ ತಟ್ಟನೆ ಜೇಬು ಮುಟ್ಟಿ ನೋಡಿಕೊಂಡದ್ದನ್ನು ಮಾವ ಕಣ್ಣಾರೆ ಕಂಡರು. ಅಲ್ಲೇ ಶಪಥವಾಯಿತು: "ಮುಂದಿನ ವರ್ಷ ಬೀಜದಿಂದ ಮೂವತ್ತು ಸಸಿ ಎಬ್ಬಿಸ್ತೀನಿ. ಅದರಲ್ಲೊಂದನ್ನ ತಂದು ನಿಮ್ಮ ಕೈಗೇ ಕೊಡ್ತೀನಿ. ಆಗ ಮಾತಾಡೋಣ."

ಹಾಗಾಗಿ ಈ ವರ್ಷ ಹಾಲ್‌ನಲ್ಲಿದ್ದ ಟಿವಿ ಕಪಾಟು ಬೀಜ ಕೇಂದ್ರವಾಯಿತು. ಟಿವಿ ಅಡುಗೆಮನೆಗೆ ವರ್ಗವಾಯಿತು. ಕಪಾಟಿನ ಹಲಗೆಗಳ ಕೆಳಗೆ ಟ್ಯೂಬ್‌ಲೈಟು ಬಂತು. ಚಿಗುರಿಗೆ ಗಾಳಿಯಾಡಲಿ ಎಂದು ಮಗಳ ಓದುವ ಮೇಜಿನ ಫ್ಯಾನು ಬಂತು. ಬೀಜಕ್ಕೆ ಬೆಚ್ಚಗಿರಲಿ ಎಂದು ಅವರ ಅಮ್ಮ ಮಂಡಿನೋವಿಗೆ ಇಟ್ಟುಕೊಳ್ಳುವ ಕರೆಂಟಿನ ಶಾಖದ ಪಟ್ಟಿಯೂ ಬಂತು.

"ನನ್ನ ಮಂಡಿ ಗತಿ ಏನೋ?" ಎಂದರು ಅಮ್ಮ.

"ಬೀಜಕ್ಕೆ ಕೆಳಗಿಂದ ಶಾಖ ಬೇಕಮ್ಮಾ. ಹದಿನೈದೇ ದಿನ."

"ನಾನೇನು ಮೇಲಿಂದ ಕೇಳಿದ್ನಾ?"

ಕುಂಡಗಳ ವಿಚಾರದಲ್ಲಿ ಮಾತ್ರ ಮಾವ ತಮ್ಮ ವೃತ್ತಿಗೌರವ ಮೆರೆದರು. ಅಂಗಡಿಯಲ್ಲಿ ಖಾಲಿಯಾದ ಮಾತ್ರೆ ಡಬ್ಬಗಳು ಮೂವತ್ತನ್ನು ತಂದು, ತೊಳೆದು, ಒರೆಸಿ, ಮಣ್ಣು ತುಂಬಿ ಸಾಲಾಗಿ ಜೋಡಿಸಿದರು.

"ತಳಕ್ಕೆ ತೂತು ಮಾಡಲ್ವಾ?" ಎಂದಳು ಹೆಂಡತಿ. ಆಕೆ ಕಾರು ಓಡಿಸಲು ಕಲಿಸುವವಳು. ಅನಾಹುತವನ್ನು ಹತ್ತು ಮಾರು ಮೊದಲೇ ಕಾಣುವುದು ಆಕೆಯ ಕಸುಬು.

"ಇಪ್ಪತ್ತೆರಡು ವರ್ಷದಲ್ಲಿ ತೂತಿರೋ ಡಬ್ಬ ನನ್ನ ಅಂಗಡಿಯಿಂದ ಆಚೆ ಹೋಗಿಲ್ಲ" ಎಂದರು ಮಾವ. ಅಲ್ಲಿಗೆ ಆ ಚರ್ಚೆ ಮುಗಿಯಿತು.

ಐದನೇ ದಿನ ಮೊಳಕೆ ಕಾಣಿಸಿತು. ಎಂಟನೇ ದಿನಕ್ಕೆ ಮೂವತ್ತಕ್ಕೆ ಮೂವತ್ತೂ ತಲೆ ಎತ್ತಿದ್ದವು. ಮಾವ ನೆಲದ ಮೇಲೆ ಕಾಲು ಊರಿ ನಡೆಯುವುದನ್ನೇ ಬಿಟ್ಟರು. ಅಂಗಡಿಗೆ ಕೆಮ್ಮಿಗೆ ಸಿರಪ್ ಕೇಳಿ ಬಂದವರೂ ಟೊಮೇಟೊ ಸಮಾಚಾರ ಕೇಳದೆ ವಾಪಸು ಹೋಗುವಂತಿರಲಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಹೋದರೆ ರಾತ್ರಿಯೇ ಮನೆ ಸೇರುವ ಮನುಷ್ಯ ಬೇರೆ; ಆದ್ದರಿಂದ ಕಪಾಟಿನ ಬಾಗಿಲಿಗೆ ಚೀಟಿ ಅಂಟಿತು: ದಿನಕ್ಕೆ ಮೂರು ಸಲ, ಸಲಕ್ಕೆ ಎರಡು ಡ್ರಾಪರ್ ನೀರು. ಬೆಳಿಗ್ಗೆ ಹೆಂಡತಿ, ಮಧ್ಯಾಹ್ನ ಮಗಳು, ಸಂಜೆ ಅಮ್ಮ. ಕೊಟ್ಟ ಮೇಲೆ ಸಹಿ ಹಾಕತಕ್ಕದ್ದು.

ಚೀಟಿಯಲ್ಲಿ ಸಹಿ ಒಂದೂ ತಪ್ಪಲಿಲ್ಲ. ತಪ್ಪಿದ್ದು ಬೇರೆ. ಮಗಳು ಮಧ್ಯಾಹ್ನದ್ದು ಮರೆಯುತ್ತಾಳೆಂದು ಖಾತ್ರಿಯಿದ್ದ ಹೆಂಡತಿ ಅವಳ ಪಾಲನ್ನೂ ಬೆಳಿಗ್ಗೆಯೇ ಕೊಟ್ಟುಬಿಡುತ್ತಿದ್ದಳು. ಪರೀಕ್ಷೆ ಹತ್ತಿರವಿದ್ದ ಮಗಳು ನಿಜಕ್ಕೂ ಮರೆಯುತ್ತಿದ್ದಳು, ಮೂರು ದಿನಕ್ಕೊಮ್ಮೆ ನೆನಪಾದಾಗ ಗಾಬರಿಯಿಂದ ಮೂರೂ ದಿನದ ಬಾಕಿಯನ್ನು ಒಟ್ಟಿಗೆ ಸುರಿದು ಮೂರೂ ಸಹಿ ಹಾಕುತ್ತಿದ್ದಳು. ಇನ್ನು ಅಮ್ಮ. "ಎರಡು ಹನಿ ಕುಡಿದು ಯಾವ ಜೀವ ಬದುಕುತ್ತೆ, ಪಾಪ" ಎಂದು ಪ್ರತಿ ಸಂಜೆ ಡ್ರಾಪರ್ ಪಕ್ಕಕ್ಕಿಟ್ಟು ಲೋಟ ಹಿಡಿಯುತ್ತಿದ್ದರು. ತೂತಿಲ್ಲದ ಡಬ್ಬಗಳು ಅಷ್ಟನ್ನೂ ನಿಷ್ಠೆಯಿಂದ ಹಿಡಿದಿಟ್ಟುಕೊಂಡವು.

ಮೊದಲು ನೋಡಿದವರು ಅಮ್ಮ. ಒಂದು ಸಂಜೆ ಹತ್ತು ಸಸಿಗಳ ಬುಡ ಮೆತ್ತಗಾಗಿ, ತಲೆ ಅಡ್ಡ ಬಿದ್ದಿತ್ತು. ಲೋಟದ ವಿಷಯ ಗೊತ್ತಿದ್ದದ್ದು ಅವರಿಗೊಬ್ಬರಿಗೇ. ಮಗ ಬೆಳಿಗ್ಗೆ ಎದ್ದವನೇ ಆ ಕಪಾಟಿನ ಮುಂದೆ ನಿಂತು ಎಣಿಸುವುದು, ಎಣಿಸುತ್ತ ಐದು ವರ್ಷದ ಹುಡುಗನ ಹಾಗೆ ನಗುವುದು ಕಣ್ಣ ಮುಂದೆ ಬಂತು. ಅಂಥ ನಗು ಅವನ ಮುಖದ ಮೇಲೆ ಕಂಡು ಎಷ್ಟು ವರ್ಷವಾಗಿತ್ತೋ. ಮಂಡಿ ಹಿಡಿದುಕೊಂಡೇ ಬೀದಿ ಕೊನೆಯವರೆಗೆ ನಡೆದು ಹತ್ತು ಸಸಿ ತಂದು, ಡಬ್ಬಕ್ಕೆ ಊರಿ, ಸತ್ತವನ್ನು ಸೆರಗಿನ ಮರೆಯಲ್ಲಿ ಕಸಕ್ಕೆ ಸಾಗಿಸಿದರು. ನರ್ಸರಿಯವಳಿಗೆ, "ನನ್ನ ಮಗನಿಗೆ ಹೇಳಬೇಡ ಕಣಮ್ಮಾ" ಎಂದು ಕೈ ಹಿಡಿದು ಹೇಳಿ ಬಂದಿದ್ದರು.

ಆ ವಾರವೇ ಹೆಂಡತಿಯ ಕಣ್ಣಿಗೆ ಸತ್ತ ಸಸಿ ಇನ್ನೂ ಒಂಬತ್ತು ಬಿದ್ದವು. ಕಲಿಯುವವರು ಎದುರಿನ ಗೋಡೆಗೆ ನುಗ್ಗಿದರೂ ಅಳುಕದ ಹೆಣ್ಣು ಆ ಒಂಬತ್ತು ಡಬ್ಬ ನೋಡಿ ಬೆವರಿದಳು. "ಇವರ ಎದೆ ಒಡೆದುಹೋಗುತ್ತೆ" ಎಂದುಕೊಂಡು ಪಾಠದ ಕಾರನ್ನೇ ನರ್ಸರಿಗೆ ತಿರುಗಿಸಿದಳು. ಮಗಳು ಕಂಡದ್ದು ಏಳು. ತನ್ನ ಬಾಕಿ ತೀರುವಳಿಯಿಂದಲೇ ಹೀಗಾಯಿತೆಂದು ಅವಳು ಅತ್ತೂ ಅತ್ತಳು, ಆಮೇಲೆ ಕಾಲೇಜಿನಿಂದ ಬರುವಾಗ ಚೀಲದಲ್ಲಿ ಪುಸ್ತಕದ ಬದಲು ಸಸಿ ತಂದಳು.

ಇದೊಂದೂ ಗೊತ್ತಿಲ್ಲದ ಮಾವ ದಿನದಿನಕ್ಕೆ ದಪ್ಪವಾಗುತ್ತಿದ್ದ ಕಾಂಡಗಳನ್ನು ನೋಡಿ ಹಿಗ್ಗಿ ಹೀರೇಕಾಯಾದರು. "ನೋಡಿದ್ರಾ, ರಾತ್ರೋರಾತ್ರಿ ಎರಡಿಂಚು" ಎಂದರೆ ಮೂವರೂ ಮೂರು ದಿಕ್ಕು ನೋಡುತ್ತಿದ್ದರು.

ಹಾಗಂತ ಮಾವನೇನೂ ಸತ್ಯಸಂಧರಲ್ಲ. ಒಂದು ಭಾನುವಾರ ಮನೆಯಲ್ಲಿ ಒಬ್ಬರೇ ಇದ್ದಾಗ, ಇನ್ನೂ ಸ್ವಲ್ಪ ಚುರುಕಾಗಲಿ ಎಂದು ಕೊನೆಯ ಸಾಲಿಗೆ ಗಿಡದ ಟಾನಿಕ್ಕು ಹಾಕಿದ್ದರು. ಡೋಸು ಜಾಸ್ತಿಯಾಯಿತು. ಡೋಸು! ಅದೂ ಅವರ ಕೈಯಲ್ಲಿ. ಸಂಜೆಗೆ ನಾಲ್ಕು ಸಸಿ ಸುಟ್ಟು ಕರಕಲಾದವು. ಬೀದಿ ಕೊನೆಗೆ ಹೋಗುವ ಮುಖವಿರಲಿಲ್ಲ. ಹಣೆ ಮುಚ್ಚುವಂತೆ ಟೋಪಿ ಹಾಕಿಕೊಂಡು, ಎರಡು ಬಸ್ಸು ಬದಲಿಸಿ, ಊರಾಚೆಯ ಗಿಡದಂಗಡಿಯಿಂದ ನಾಲ್ಕು ತಂದರು. ಆ ನಾಲ್ಕು ಡಬ್ಬದ ತಳಕ್ಕೆ ಕೆಂಪು ಚುಕ್ಕೆ ಇಟ್ಟರು. ನರ್ಸರಿಯವಳಿಗೆ ಕೊಡುವಾಗ ಅಪ್ಪಿತಪ್ಪಿ ಕೊಂಡ ಸಸಿ ಹೋಗಬಾರದಲ್ಲ! ಅಷ್ಟರ ಮಟ್ಟಿಗೆ ತಾವು ಪ್ರಾಮಾಣಿಕರು ಎಂದು ಅವರಿಗೆ ಸಮಾಧಾನವಾಯಿತು.

ಶಪಥ ತೀರಿಸುವ ದಿನವೂ ಬಂತು. ಮಾವ ಇಸ್ತ್ರಿ ಅಂಗಿ ತೊಟ್ಟು, ಚುಕ್ಕೆಯಿಲ್ಲದ ಡಬ್ಬಗಳಲ್ಲಿ ಅತಿ ಸೊಗಸಾದದ್ದನ್ನು ಆರಿಸಿಕೊಂಡು ಹೊರಟರು.

"ರೀ, ಈ ಬಿಸಿಲಲ್ಲಿ ಯಾಕೆ?" ಎಂದಳು ಹೆಂಡತಿ.

"ಅಪ್ಪಾ, ಫೋಟೋ ಕಳಿಸಿದ್ರೆ ಸಾಲ್ದಾ?" ಎಂದಳು ಮಗಳು.

"ಬಿಟ್ಟುಬಿಡೋ, ಗೆದ್ದವನೇ ತಗ್ಗಬೇಕು" ಎಂದರು ಅಮ್ಮ.

ಎಂಥ ವಿನಯವಂತ ಸಂಸಾರ ಎಂದು ಮಾವನಿಗೆ ಹೆಮ್ಮೆಯೆನಿಸಿತು.

ನರ್ಸರಿಯವಳು ಡಬ್ಬ ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದಳು. "ತೂತಿಲ್ಲ."

"ಔಷಧಿ ಡಬ್ಬಕ್ಕೆ ತೂತಿರಲ್ಲ."

"ಕಪ್ಪೆ ಸಾಕಬಹುದಿತ್ತು" ಎನ್ನುತ್ತ ಆಕೆ ಸಸಿಯನ್ನು ಬುಡಸಮೇತ ಎತ್ತಿದಳು. ಬೇರು ಚೌಕಾಕಾರದ ಮಣ್ಣಿನ ಹೆಂಟೆಯಾಗಿ ಈಚೆ ಬಂತು. ಆಕೆ ಪಕ್ಕದಲ್ಲಿದ್ದ ತನ್ನ ಟ್ರೇಯ ಖಾಲಿ ಗುಳಿಯೊಂದಕ್ಕೆ ಅದನ್ನು ಇಳಿಸಿದಳು. ಅಳತೆ ತೆಗೆದು ಮಾಡಿಸಿದ ಹಾಗೆ ಕೂತಿತು.

"ಇದು ನಂದೇ ಸ್ವಾಮಿ."

ಮಾವ ಬಗ್ಗಿ ಟ್ರೇಯನ್ನೊಮ್ಮೆ, ಖಾಲಿ ಡಬ್ಬವನ್ನೊಮ್ಮೆ ನೋಡಿದರು.

"ಹೇಳಬೇಡಿ ಅಂದಿದ್ರು. ಆದ್ರೆ ನೀವು ಇಲ್ಲೀವರೆಗೂ ಹೊತ್ತು ತಂದ್ರಲ್ಲ, ಏನು ಮಾಡ್ಲಿ? ನಿಮ್ಮ ತಾಯಿ ಹತ್ತು ತಗೊಂಡ್ರು. ನಿಮ್ಮನೆಯವರು ಒಂಬತ್ತು. ನಿಮ್ಮ ಮಗಳು ಏಳು. ಒಬ್ಬರಿಗೆ ಗೊತ್ತಾಗದ ಹಾಗೆ ಇನ್ನೊಬ್ಬರು. ನಿಮಗೆ ಬೇಜಾರಾಗಬಾರದು ಅಂತ ಮೂರು ಜನಾನೂ ಹೇಳಿದ್ದು ಒಂದೇ ಮಾತು."

ಮಾವನಿಗೆ ಮೊದಲು ನಾಚಿಕೆಯಾಯಿತು. ಆಮೇಲೆ, ನೋಯುವ ಮಂಡಿಯಲ್ಲಿ ಅಮ್ಮ ಇಷ್ಟು ದೂರ ನಡೆದು ಬಂದದ್ದನ್ನು ನೆನೆದು ಮನೆಯ ಕಡೆ ತಿರುಗಿ ನೋಡಿದರು.

ಆಕೆ ಬೆರಳು ಮಡಚಿ ಲೆಕ್ಕ ಹಾಕುತ್ತಿದ್ದಳು. "ಒಟ್ಟು ಇಪ್ಪತ್ತಾರು. ಅಂದ್ರೆ ನಾಲ್ಕು ಮಾತ್ರ ನೀವೇ ಎಬ್ಬಿಸಿದ್ದು." ಆಕೆಯ ಮುಖ ಮೃದುವಾಯಿತು. "ನಾನು ಅವತ್ತು ಅಷ್ಟು ಜನರ ಮುಂದೆ ಹಾಗೆ ಅನ್ನಬಾರದಿತ್ತು. ತೂತಿಲ್ಲದ ಡಬ್ಬದಲ್ಲಿ ನಾಲ್ಕು ಉಳಿಸೋದು ಅಂದ್ರೆ ಹುಡುಗಾಟ ಅಲ್ಲ. ನಿಮಗೆ ಕೈಗುಣ ಇದೆ."

ಒಂದು ವರ್ಷ ಕಾದ ಮಾತು. ಸುಮ್ಮನೆ ತಲೆಯಾಡಿಸಿ ಮನೆಗೆ ಹೋಗಬಹುದಿತ್ತು. ಆದರೆ ಮನೆಮಂದಿಯೆಲ್ಲ ಸೇರಿ ಹೇಳಿದ ಸುಳ್ಳಿನ ಮೇಲೆ ತಾವೊಬ್ಬರೇ ಹಾರ ಹಾಕಿಸಿಕೊಳ್ಳುವುದು ಮಾವನಿಂದ ಆಗಲಿಲ್ಲ.

"ಆ ನಾಲ್ಕೂ ನಾನು ಕೊಂಡಿದ್ದೇ" ಎಂದರು ತಲೆ ತಗ್ಗಿಸಿ. "ಟೋಪಿ ಹಾಕ್ಕೊಂಡು, ಎರಡು ಬಸ್ ಬದಲಾಯಿಸಿ, ಊರಾಚೆ ಗಿಡದಂಗಡಿಯಿಂದ."

ಆಕೆ ಅವರನ್ನು ಕನಿಕರದಿಂದ ನೋಡಿದಳು.

"ಅಷ್ಟು ದೂರ ಯಾಕೆ ಹೋದ್ರಿ ಸ್ವಾಮಿ? ಆ ಅಂಗಡಿಯವನು ವಾರಕ್ಕೊಂದ್ಸಲ ಬಂದು, ನನ್ನ ಹತ್ರಾನೇ ಸಸಿ ತಗೊಂಡು ಹೋಗಿ ಮಾರೋದು."