ಪೊರೆ ಪಾಠದ ಪಾಡು

ಮಳವಳ್ಳಿ ಕಡೆ ವಿಜ್ಞಾನ ಹೇಳಿಕೊಡುವ ನನ್ನಂಥವನು ನಗೆಪಾಟಲಾಗಲು ಹೆಚ್ಚೇನೂ ಬೇಡ, ಕೋಶಪೊರೆಯ ಪಾಠ ಶುರು ಮಾಡಿದರೆ ಸಾಕು. ಈ ಸಲವಂತೂ ಶಿಕ್ಷಣ ಇಲಾಖೆಯ ಸಾಹೇಬರು ತಪಾಸಣೆಗೆ ಬರುವ ವಾರದಲ್ಲೇ ಆ ಪಾಠ ಬಿತ್ತು. "ಮಕ್ಕಳು ಬಾಯಿ ಬಿಡದಿದ್ದರೆ ನಿಮಗೆ ನೋಟಿಸು ಗ್ಯಾರಂಟಿ" ಎಂದು ಹೆಡ್ಮಾಸ್ಟರು ಮೊದಲೇ ಹೆದರಿಸಿದ್ದರು.

೧. ಬಸ್ಸು ಹತ್ತುವ ವಿದ್ಯೆ

ಕೋಶದ ಸುತ್ತಲಿನ ತೆಳು ಪೊರೆ ಬೇಕಾದ್ದನ್ನು ಒಳಗೆ ಬಿಟ್ಟುಕೊಂಡು ಬೇಡದ್ದನ್ನು ತಡೆಯುತ್ತದೆ, ಒಳಗೆ ಆಗಲೇ ತುಂಬಿರುವುದನ್ನು ಇನ್ನಷ್ಟು ತುರುಕಬೇಕಾದರೆ ಶಕ್ತಿ ಖರ್ಚಾಗುತ್ತದೆ ಎಂದೆ. ಸುಲಭವಾಗಲೆಂದು, "ಸಂಜೆ ಕಿರುಗಾವಲು ಬಸ್ಸು ಹತ್ತಿದ ಹಾಗೆ" ಎಂದೂ ಸೇರಿಸಿದೆ. ಮರುದಿನದ ಪರೀಕ್ಷೆಯಲ್ಲಿ ಒಬ್ಬ ಬರೆದಿದ್ದ: "ಒಳಗೆ ಹೋಗಲು ಶಕ್ತಿ ಬೇಕು. ಶಕ್ತಿ ಇಲ್ಲದವರು ಕಿಟಕಿಯಿಂದ ಟವಲು ಹಾಕಬೇಕು."

೨. ಅಂಗಳದಲ್ಲಿ ಪೊರೆ

ಪೊರೆಯಲ್ಲಿ ಕೊಬ್ಬಿನ ಕಣಗಳು ಎರಡು ಸಾಲಾಗಿ, ಬೆನ್ನಿಗೆ ಬೆನ್ನು ಕೊಟ್ಟು ನಿಂತಿರುತ್ತವೆ. ಮಕ್ಕಳನ್ನೇ ಅಂಗಳದಲ್ಲಿ ಹಾಗೆ ನಿಲ್ಲಿಸಿ, ನಡುವೆ ಒಬ್ಬನನ್ನು ಬಾಗಿಲು ಕಾಯುವ ಪ್ರೋಟೀನು ಮಾಡಿದೆ. ಅಷ್ಟರಲ್ಲಿ ಬಿಸಿಯೂಟದ ಗಂಟೆ ಹೊಡೆಯಿತು. ಎರಡೂ ಸಾಲು ತಟ್ಟೆ ಹುಡುಕಿಕೊಂಡು ಓಡಿದವು. ಪ್ರೋಟೀನು ಮಾತ್ರ ಬಯಲಲ್ಲಿ ಕೈ ಚಾಚಿ ನಿಂತೇ ಇದ್ದ.

"ಸಾ, ಪೊರೆನೇ ಉಣ್ಣಕ್ ಓಯ್ತು. ನಾನ್ ಯಾರನ್ ತಡೀಲಿ?"

೩. ನಾಟಿ ಮೊಟ್ಟೆ

ಸಾಹೇಬರಿಗೆ ತೋರಿಸಲು ಒಂದು ಪ್ರಯೋಗ ಸಿದ್ಧ ಮಾಡಿದ್ದೆ. ಮೊಟ್ಟೆಯನ್ನು ವಿನೆಗರಿನಲ್ಲಿ ನೆನೆಹಾಕಿದರೆ ಚಿಪ್ಪು ಕರಗಿ ಪೊರೆ ಉಳಿಯುತ್ತದೆ. ಆಮೇಲೆ ನೀರಿಗೆ ಹಾಕಿದರೆ ಉಬ್ಬುತ್ತದೆ, ಬೆಲ್ಲದ ಪಾಕಕ್ಕೆ ಹಾಕಿದರೆ ಕುಗ್ಗುತ್ತದೆ. ಕೋಶಪೊರೆ ನೀರು ಬಿಟ್ಟುಕೊಳ್ಳುವ ರೀತಿಯೂ ಹೆಚ್ಚುಕಡಿಮೆ ಹೀಗೇ. ಬೆಳಕವಾಡಿಯ ಹುಡುಗಿಯೊಬ್ಬಳು ಮನೆಯಿಂದ ನಾಟಿ ಕೋಳಿಯ ಮೊಟ್ಟೆ ತಂದುಕೊಟ್ಟಿದ್ದಳು.

ತಪಾಸಣೆಯ ದಿನ ಸಾಹೇಬರ ಮೊದಲ ಪ್ರಶ್ನೆಗೆ ಇಡೀ ಕ್ಲಾಸೇ ಮೂಕವಾಯಿತು. ಅವಸರವಾಗಿ ಗಾಜಿನ ಲೋಟದಲ್ಲಿ ಉಬ್ಬಿ ಕೂತಿದ್ದ ಮೊಟ್ಟೆಯನ್ನು ಮುಂದಿಟ್ಟೆ. ಸಾಹೇಬರು ಕುರ್ಚಿಯಲ್ಲೇ ಬಗ್ಗಿ ನೋಡಿ ತಲೆದೂಗಿದರು. ನನಗೆ ಹೋದ ಜೀವ ಬಂತು.

ಆಗಲೇ ಹುಡುಗಿಯ ಅಜ್ಜಿ ಬಾಗಿಲಲ್ಲಿ ಪ್ರತ್ಯಕ್ಷ.

"ಎಲ್ಲಪ್ಪಾ ಮೇಷ್ಟ್ರೇ ನನ್ ಮೊಟ್ಟೆ? ಕಾವಿಗಿಕ್ಕನಾ ಅಂತ ಎತ್ತಿಟ್ಟಿದ್ದೆ. ಮೊಮ್ಮಗ್ಳು ಎತ್ಕಂಡ್ ಬಂದವ್ಳೆ!"

ಬೇರೆ ದಾರಿ ಕಾಣದೆ ಲೋಟ ತೋರಿಸಿದೆ. ಅಜ್ಜಿ ಬಾಯಿಗೆ ಸೆರಗು ಹಿಡಿದಳು.

"ಅಯ್ಯೋ, ಬಟ್ಟೆ ಬಿಚ್ಚಿ ನೀರಲ್ ಮುಳುಗ್ಸಿದ್ದೀಯಲ್ಲಪ್ಪಾ!"

"ಬೇರೆ ಮೊಟ್ಟೆ ತಂದ್ಕೊಡ್ತೀನಿ ಅಜ್ಜಿ," ಎಂದು ಗೋಗರೆದೆ.

"ನಂಗ್ ಮೊಟ್ಟೆ ಬ್ಯಾಡ ಕಣಪ್ಪಾ, ಮರಿ ಬೇಕು. ಇದ್ರ ಮ್ಯಾಲೆ ನಮ್ ಕೋಳಿ ಕೂರಾಕಿಲ್ಲ. ನೀನೇ ಕಾವಿಗೆ ಕೂತ್ಕಂಡು ಮರಿ ಮಾಡ್ಕೊಡು!"

ನೋಟಿಸು ಬರೆಯಬೇಕಿದ್ದ ಸಾಹೇಬರು ನಗು ತಡೆಯಲಾರದೆ ಎದ್ದು ನಿಂತರು. "ಕೂತ್ಕೊಳ್ಳಿ ಮೇಷ್ಟ್ರೇ" ಎನ್ನುತ್ತ ತಮ್ಮ ಕುರ್ಚಿಯನ್ನೇ ನನ್ನತ್ತ ಸರಿಸಿದರು.