ಗೋಡೆಯ ಮೇಲಿನ ಮೊದಲನೆಯ ಹೆಂಡತಿ

ಅರ್ಥವಾಗದ ಮಾತಿಗೆ ತಲೆಯಾಡಿಸುವುದರಲ್ಲಿ ನನ್ನನ್ನು ಮೀರಿಸುವವರು ಇಡೀ ಸುರಪುರದಲ್ಲೇ ಇರಲಿಲ್ಲ. ನಿಜಾಮರ ಕಾಲದ ಕಚೇರಿ, ಕಾಗದಪತ್ರವೆಲ್ಲ ಉರ್ದು. ನನ್ನ ಉರ್ದು ಅರ್ಜಿ ಬರೆಯಲು ಸಾಕಾಗುತ್ತಿತ್ತು, ಹರಟೆಗೆ ಸಾಲುತ್ತಿರಲಿಲ್ಲ. ಸಾಹೇಬರು ಏನಂದರೂ ‘ಜೀ ಹುಜೂರ್’ ಎಂದೇ ಗುಮಾಸ್ತಗಿರಿ ಉಳಿಸಿಕೊಂಡವನು ನಾನು. ಆ ಸಾಹೇಬರು ವಿಲಾಯಿತಿಯಲ್ಲಿ ಓದಿ ಬಂದವರು. ವರ್ಗವಾಗಿ ಹೋಗುವಾಗ ನನ್ನ ಮೇಲಿನ ಪ್ರೀತಿಗೆ ಗಾಜು ಹಾಕಿಸಿದ ಒಂದು ಚಿತ್ರ ಕೊಟ್ಟರು. ತಾಮ್ರದ ತಗಡಿನ ಮೇಲೆ ಗೀರಿ, ಗೀರಿದಲ್ಲಿ ಮಸಿ ತುಂಬಿ, ಕಾಗದಕ್ಕೆ ಒತ್ತಿದ್ದಂತೆ. ಒಬ್ಬ ತಾಯಿ ಮಗುವನ್ನು ಅವುಚಿಕೊಂಡಿದ್ದಾಳೆ. ಕಣ್ಣಿರಬೇಕಾದಲ್ಲಿ ಬರೀ ಕಪ್ಪು, ಕೈಗಳು ತಲೆಗಿಂತ ದೊಡ್ಡವು, ಮುಖ ಕೋಳಿ ಕೆದರಿದ ತಿಪ್ಪೆ. ಹೇಗಿದೆ ಎಂದು ಕೇಳಿದರು. ‘ಬಹುತ್ ಖೂಬ್ ಹುಜೂರ್’ ಅಂದೆ. ತಂದು ಪಡಸಾಲೆಯಲ್ಲಿ ತೂಗುಹಾಕಿದೆ.

ನಮ್ಮ ಕಡೆ ಗಾಜಿನ ಕಟ್ಟಿನಲ್ಲಿ ಗೋಡೆ ಏರುವವರು ಇಬ್ಬರೇ: ದೇವರು, ಇಲ್ಲವೇ ಸತ್ತವರು. ಇವಳಂತೂ ದೇವರಲ್ಲ. ಪಕ್ಕದ ಮನೆಯ ಬಸಮ್ಮ ಮಜ್ಜಿಗೆಗೆ ಬಂದವಳು ನನ್ನ ಹೆಂಡತಿ ನೀಲಮ್ಮನ ಕಿವಿಯ ಹತ್ತಿರ ಬಾಗಿ, “ನಿನ್ನ ಗಂಡನ ಮೊದಲ್ನೇ ಹೇಣ್ತಿ ಏನವಾ? ಪಾಪ, ಕೂಸೂ ಹೋತೇನು?” ಎಂದಳು. ಮರುದಿನ ಕಚೇರಿಯ ಜವಾನ ನನ್ನ ಭುಜ ತಟ್ಟಿ, “ಇಷ್ಟ್ ದಿನಾ ದುಃಖಾನ ಒಬ್ರೇ ಹೊಟ್ಯಾಗ ಇಟ್ಕೊಂಡ್ರಿ ನೋಡ್ರಿ” ಎಂದು ಕಣ್ಣೊರೆಸಿಕೊಂಡ. ನನ್ನ ಅವ್ವ, ಯಾವುದಕ್ಕೂ ಇರಲಿ ಎಂದು ಗಾಜಿಗೆ ವಿಭೂತಿ ಹಚ್ಚಿದಳು.

ಇಷ್ಟಕ್ಕೇ ನಿಂತಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಹಿಂದಿನ ವರ್ಷ ನಮ್ಮ ಚೊಚ್ಚಲ ಕೂಸು ಹನ್ನೊಂದು ದಿನವಿದ್ದು ಹೋಗಿತ್ತು, ನೀಲಮ್ಮ ಈಗ ಮತ್ತೆ ಆರು ತಿಂಗಳ ಬಸುರಿ. “ಬಸರಿ ಹೆಂಗಸಿನ ಕಣ್ಮುಂದ ಇಂಥಾದ್ದು ಬ್ಯಾಡೋ, ತಗಿ” ಎಂದಳು ಅವ್ವ. ಅವ್ವನ ಮಾತು ನನಗೆ ಒಳ್ಳೆಯ ನೆಪವಾಯಿತು. ಸತ್ಯವೆಂದರೆ ಆ ಚಿತ್ರದ ಎದುರು ಕೂತು ಊಟ ಮಾಡಲು ನನಗೇ ಆಗುತ್ತಿರಲಿಲ್ಲ. ಸ್ಟೂಲು ಹತ್ತಿದೆ.

“ಇಳೀರಿ ಕೆಳಗ” ಎಂದಳು ನೀಲಮ್ಮ. “ಎಲ್ಲಾರೂ ನನಗ ಹೋದ ಕೂಸಿನ್ನ ಮರತಬಿಡು ಅಂತಾರ. ನೀವೂ ಅಂತೀರಿ. ಆಕಿ ಒಬ್ಬಾಕಿ ಅನ್ನಂಗಿಲ್ಲ. ಆಕಿ ಕೈ ನೋಡೀರೇನು? ಬಿಟ್ರ ಹೋಗತೈತಂತ ಗೊತ್ತೈತಿ ಆಕಿಗೆ.”

ಸ್ಟೂಲಿನ ಮೇಲೆ ನಿಂತೇ ನೋಡಿದೆ. ಅಷ್ಟು ದಿನ ಮುಖಕ್ಕೆ ಹೆದರಿ ನಾನು ಆ ಕೈಗಳನ್ನು ನೋಡಿರಲೇ ಇಲ್ಲ. ಹನ್ನೊಂದನೆಯ ದಿನ ನೀಲಮ್ಮನ ಮಡಿಲಿನಿಂದ ಕೂಸನ್ನು ಬಿಡಿಸಿಕೊಂಡವನು ನಾನೇ. ಆಗ ಅವಳ ಕೈ ಅಷ್ಟೇ ದೊಡ್ಡದಿತ್ತು. ತೆಪ್ಪಗೆ ಇಳಿದೆ.

ಮಗಳು ಹುಟ್ಟಿದಳು, ಬದುಕಿದಳು, ಓಣಿಯೆಲ್ಲ ಕೇಳುವಂತೆ ಅತ್ತಳು. ತೊಟ್ಟಿಲಿಗೆ ಹಾಕುವ ದಿನ ಬಸಮ್ಮ ಪಟಕ್ಕೊಂದು ಹೂ ಏರಿಸಿ, “ಎಲ್ಲಾ ಈಕಿ ಕಾಯ್ದಿದ್ದು. ಹೌದಿಲ್ರಿ?” ಎಂದು ನನ್ನನ್ನು ಕೇಳಿದಳು. ಮೊದಲನೆಯ ಹೆಂಡತಿಯೇ ಇರಲಿಲ್ಲವೆಂದು ಹೇಳಲು ಅದು ಒಳ್ಳೆಯ ಸಮಯ. ನೀಲಮ್ಮ ತುಟಿ ಕಚ್ಚಿ ನಗು ತಡೆಯುತ್ತಿದ್ದಳು. ವಾಡಿಕೆಯಂತೆ ತಲೆಯಾಡಿಸಿದೆ. ಅರ್ಥವಾಗಿ ತಲೆಯಾಡಿಸಿದ್ದು ನನ್ನ ಜೀವಮಾನದಲ್ಲಿ ಅದೊಂದೇ ಸಲ.