ಒಣಮೀನಿನ ಗಾಡಿಯೂ ನನ್ನ ಮದುವೆಯೂ

ತುಕ್ಕು ಹಿಡಿದ ಗಾಡಿ ನನ್ನ ಶೆಡ್ಡಿಗೆ ಬಂದಾಗಲೆಲ್ಲ ನನ್ನ ಮಾನವೂ ಒಂದಿಷ್ಟು ಉದುರುತ್ತದೆ. ಕೊಪ್ಪದ ಬಸ್‌ಸ್ಟ್ಯಾಂಡಿನ ಹಿಂದೆ ಟಿಂಕರಿಂಗ್ ಮಾಡುವ ನನಗೆ ಇದು ಹೊಸದಲ್ಲ. ಆದರೆ ಎಪ್ಪತ್ತರ ದಶಕದ ಕೊನೆಗೆ ಬಂದ ಆ ಹಳೇ ಪಿಕಪ್ಪನ್ನು ನೆನೆದರೆ ಈಗಲೂ ಮುಖ ಮುಚ್ಚಿಕೊಳ್ಳುವಂತಾಗುತ್ತದೆ. ಅದು ನರಸಿಂಹರಾಜಪುರದ ಒಣಮೀನು ವ್ಯಾಪಾರಿಯೊಬ್ಬರದು. ಮೀನಿನ ಉಪ್ಪು ತಿಂದು ತಿಂದು ಬಾಡಿಯೆಲ್ಲ ಜರಡಿಯಾಗಿತ್ತು. ಅವರ ಮಗಳಿಗೂ ನನಗೂ ಮದುವೆಯ ಮಾತು ನಡೆದಿತ್ತು. "ಮೊದಲು ಹುಡುಗನ ಕೆಲಸ ನೋಡ್ತೇನೆ" ಎಂದು ಗಾಡಿಯನ್ನೇ ತಂದು ನಿಲ್ಲಿಸಿದರು. ಹುಡುಗಿಯ ಫೋಟೋ ನೋಡಿ ನಾನಂತೂ ಆಗಲೇ ಸೋತಿದ್ದೆ.

ಸುತ್ತಿಗೆಯ ಪರೀಕ್ಷೆ

ತಗಡು ಎಲ್ಲಿ ಗಟ್ಟಿಯಿದೆ ಎಂದು ನಾವು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಸದ್ದು ಕೇಳುತ್ತೇವೆ. ಮಾವನಾಗುವವರು ಒಳಗೆ ಸೀಟಿನಲ್ಲಿ ಕೂತು ನೋಡುತ್ತಿದ್ದರಲ್ಲ, ಜಂಭಕ್ಕೆ ಬಾಗಿಲಿಗೆ ಸ್ವಲ್ಪ ಜೋರಾಗಿಯೇ ಕೊಟ್ಟೆ. ಸುತ್ತಿಗೆ ತಗಡು ಸೀಳಿಕೊಂಡು ಹೋಗಿ ಅವರ ಮೊಣಕಾಲಿನ ಪಕ್ಕ ತಲೆ ಹಾಕಿತು. ಅವರು ಬಗ್ಗಿ ತೂತಿನಿಂದ ನನ್ನನ್ನು ನೋಡಿದರು.

"ಎಂತ ಮಾರಾಯ, ಮೇಲೆ ಒಂದು ಕಿಟಕಿ ಉಂಟಲ್ಲ. ಇನ್ನೊಂದು ಯಾಕೆ?"

ಭಟ್ಟರ ಹೋಟೆಲು

ವೆಲ್ಡಿಂಗ್ ಶುರು ಮಾಡಿದೆ. ಗಾಡಿಯ ಹಿಂಭಾಗದ ಹಲಗೆಯ ಸಂದಿಯಲ್ಲಿ ವರ್ಷಗಳಿಂದ ಸೇರಿಕೊಂಡಿದ್ದ ಮೀನಿನ ಚೂರುಗಳು ಬಿಸಿಗೆ ಹುರಿದುಕೊಂಡು ಬೀದಿಯೆಲ್ಲ ಘಮಘಮ ಎಂದಿತು. ಪಕ್ಕದ ಸಸ್ಯಾಹಾರಿ ಹೋಟೆಲಿನ ಭಟ್ಟರು ಸೌಟು ಹಿಡಿದುಕೊಂಡೇ ಓಡಿ ಬಂದರು.

"ಗಿರಾಕಿಗಳು ಎದ್ದು ಹೋದ್ರಾ ಭಟ್ರೇ?" ಎಂದೆ, ತಲೆ ತಗ್ಗಿಸಿ.

"ಹೋಗಿದ್ರೆ ಚಿಂತೆ ಇರ್ಲಿಲ್ಲ ಮಾರಾಯ. ಎಲ್ಲ ಒಳಗೆ ಬಂದು ಕೂತಿದಾರೆ, ದೋಸೆ ಬೇಡ, ಅದನ್ನೇ ತನ್ನಿ ಅಂತಾರೆ!"

ಹುಡುಗಿ ನೋಡಿದ ದಿನ

ರಿಪೇರಿ ಮುಗಿಸಿ ಅದೇ ಗಾಡಿಯಲ್ಲಿ ಹುಡುಗಿ ನೋಡಲು ಬಾ ಎಂದು ಮಾವನಾಗುವವರು ಹೇಳಿ ಕಳಿಸಿದ್ದರು. ಹಿಂದಿನ ಮಡ್‌ಗಾರ್ಡಿನಲ್ಲಿ ಒಂದು ದೊಡ್ಡ ತೂತು ಉಳಿದಿತ್ತು. ತಗಡು ಮುಗಿದಿತ್ತು. ಅಡಿಕೆ ಮರದಿಂದ ಬಿದ್ದ ಹಾಳೆಯೊಂದನ್ನು ನೆನೆಸಿ ಬಗ್ಗಿಸಿ ಒಳಗೆ ಕೊಟ್ಟು, ಮೇಲೆ ಪುಟ್ಟಿ ಮೆತ್ತಿ, ಉಜ್ಜಿ, ನೀಲಿ ಬಣ್ಣ ಹೊಡೆದೆ. ತೂತು ಎಲ್ಲಿತ್ತೆಂದು ನನಗೇ ಗುರುತು ಸಿಗಲಿಲ್ಲ.

ಶೃಂಗೇರಿಯ ದೊಡ್ಡಪ್ಪನನ್ನು ಕೂರಿಸಿಕೊಂಡು, ಬಿಳಿ ಬಟ್ಟೆ ತೊಟ್ಟು ಹೋದೆ. ಮಾವನಾಗುವವರು ಗಾಡಿಗೆ ಒಂದು ಸುತ್ತು ಹಾಕಿ, "ಕೈ ಒಳ್ಳೇದುಂಟು" ಎಂದರು. ದೊಡ್ಡಪ್ಪ ಮೀಸೆ ತಿರುವಿದರು. ಒಳಗಿನಿಂದ ಹುಡುಗಿ ಚಾ ತಂದಳು.

ಅಷ್ಟರಲ್ಲಿ ಅಂಗಳದಲ್ಲಿ ಚರ ಚರ ಸದ್ದು. ನೋಡಿದರೆ ಅವರ ಮನೆಯ ದನ ಉಪ್ಪಿನ ಆಸೆಗೆ ಮಡ್‌ಗಾರ್ಡಿನ ಒಳಗೆಲ್ಲ ನೆಕ್ಕುತ್ತಿತ್ತು. ನೆಕ್ಕುತ್ತ ನೆಕ್ಕುತ್ತ ಅದಕ್ಕೆ ಹಾಳೆಯ ತುದಿ ಸಿಕ್ಕಿತು. ಅಡಿಕೆ ಹಾಳೆ ತಿಂದೇ ಬೆಳೆದ ಮಲೆನಾಡಿನ ದನ ಅದನ್ನು ಬಿಡುತ್ತದೆಯೇ? ಒಂದು ಎಳೆತಕ್ಕೆ ಪುಟ್ಟಿ, ಬಣ್ಣ, ನನ್ನ ಮರ್ಯಾದೆ ಎಲ್ಲ ಅಂಗಳಕ್ಕೆ ಬಿತ್ತು. ನಾನು ಓಡಿ ಹೋಗಿ ಇನ್ನೊಂದು ತುದಿ ಹಿಡಿದೆ. ನಾನೂ ದನವೂ ಹಾಳೆ ಜಗ್ಗುತ್ತಿರುವಾಗ ಕಾಲು ಜಾರಿ ಸಗಣಿಯ ಮೇಲೆ ಕೂತೆ. ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಮದುವೆ ಮುರಿಯಿತೆಂದೇ ಅಂದುಕೊಂಡೆ.

ಹುಡುಗಿ ಸೆರಗು ಬಾಯಿಗೆ ಒತ್ತಿ ನಗುತ್ತ ಒಳಗೆ ಓಡಿದಳು. ಸ್ವಲ್ಪ ಹೊತ್ತಿಗೆ ಅವಳ ತಾಯಿ ಹೊರಗೆ ಬಂದು, "ಅವಳಿಗೆ ಒಪ್ಪಿಗೆಯಂತೆ" ಎಂದರು. ಮಾವನಾಗುವವರು ದನದ ಬಾಯಲ್ಲಿದ್ದ ಹಾಳೆಯನ್ನೂ ನನ್ನ ಬಿಳಿ ಬಟ್ಟೆಯನ್ನೂ ನೋಡಿದರು.

"ಆಗ್ಲಿ ಮಾರಾಯ, ಮಗಳನ್ನ ಕೊಡ್ತೇನೆ. ಗಾಡಿ ಮಾತ್ರ ಇನ್ನು ನಿನ್ನ ಕೈಗೆ ಕೊಡೂದಿಲ್ಲ."